ಹನ್ನೆರಡು ಬೋರಿನ ತುಲನಾತ್ಮಕ ಅಧ್ಯಯನ

ನಾನು ಯಾವ ವಸ್ತುವನ್ನೂ ಹೋಲಿಸಿ ನೋಡದೆ ಕೊಂಡವನಲ್ಲ. ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನಿಗೆ ಅಷ್ಟಾದರೂ ಶಿಸ್ತು ಬೇಡವೇ? ಒಂದು ಕುಕ್ಕರು ಕೊಳ್ಳುವ ಮೊದಲು ಹನ್ನೊಂದು ಕುಕ್ಕರುಗಳನ್ನು ಹೋಲಿಸಿದ್ದೇನೆ. ಸೀಟಿಯ ಸದ್ದಿನಿಂದ ಹಿಡಿದು ಹಿಡಿಕೆಯ ಸ್ಕ್ರೂವಿನವರೆಗೆ ಎಲ್ಲವನ್ನೂ ಗೆರೆ ಹೊಡೆದ ವಹಿಯಲ್ಲಿ ಬರೆದಿಟ್ಟಿದ್ದೇನೆ. ಆ ಅಧ್ಯಯನ ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ಶಾರದಾ ತವರಿಗೆ ಹೋಗಿ ಅವರವ್ವನ ಹಳೆಯ ಕುಕ್ಕರನ್ನೇ ಹೊತ್ತುಕೊಂಡು ಬಂದಿದ್ದಳು. ಅದು ಬೇರೆ ಮಾತು.

ಈ ಗುಣಕ್ಕೆ ನಮ್ಮ ಊರಲ್ಲಿ ನನಗೊಂದು ಬೆಲೆ ಇತ್ತು. ಊರು ಅಂದರೆ ಹೆಬ್ಬಳ್ಳಿ. ಅಲ್ಲಿ ಹೊಲ, ಮನೆ, ದನ ಎಲ್ಲವನ್ನೂ ನೋಡಿಕೊಳ್ಳುವವನು ನನ್ನ ಅಣ್ಣ ಈರಣ್ಣ. ನಾನು ಆ ಹೊಲಕ್ಕೆ ಇಷ್ಟು ವರ್ಷ ಮಾಡಿದ ಸೇವೆಯೆಂದರೆ ಸುಗ್ಗಿಗೆ ಮುಂಚೆ ಹೋಗಿ ಎಳೆ ಜೋಳದ ತೆನೆ ಸುಟ್ಟ ಸೀತನಿ ತಿಂದು ಬಂದದ್ದು. ಆದರೂ ನೀರಿನ ಪಂಪು ಇರಲಿ, ಟಿವಿ ಇರಲಿ, ಟ್ರ್ಯಾಕ್ಟರಿನ ಟಾಯರು ಇರಲಿ, ಅಣ್ಣ ಮೊದಲು ನನಗೆ ಫೋನು ಮಾಡುತ್ತಿದ್ದ. “ನಮ್ಮ ತಮ್ಮ ಕಲತಾನ್ರಿ, ಅವಂಗ ಒಂದ್ ಮಾತ್ ಕೇಳ್ತೀನಿ” ಎಂದು ಅಂಗಡಿಯವನ ಎದುರಿಗೇ ಹೇಳುತ್ತಿದ್ದನಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮನೆಯಲ್ಲಿ ನನಗೆ ಉಳಿದಿದ್ದ ಪಾಲು ಅದೊಂದೇ. ಅಣ್ಣ ನನ್ನನ್ನು ಕೇಳುತ್ತಾನೆ ಅನ್ನುವ ಒಂದೇ ಧೈರ್ಯದ ಮೇಲೆ ನಾನು ಹೆಬ್ಬಳ್ಳಿಯವನಾಗಿ ಉಳಿದಿದ್ದೆ. ಅದನ್ನು ಒಂದೇ ವರ್ಷದೊಳಗೆ ಹೇಗೆ ಕಳೆದುಕೊಂಡೆ ಎಂಬುದನ್ನು ಸಾರ್ವಜನಿಕರ ಹಿತದೃಷ್ಟಿಯಿಂದ ನಿವೇದಿಸುತ್ತಿದ್ದೇನೆ.

ಶುರುವಾದದ್ದು ಒಂದು ಸಾದಾ ಫೋನಿನಿಂದ.

“ತಮ್ಮಾ, ಅಪ್ಪನ ಬಂದೂಕಿಂದು ಒಂದು ಕುದರಿ ಸಡ್ಲಾಗೈತಿ. ಹಳೇ ಹುಬ್ಬಳ್ಳಿ ಇಮಾಮಸಾಬ್ರ ಕಡೆ ಒಯ್ದು ರಿಪೇರಿ ಮಾಡಸ್ಲೇನು?”

ಅಪ್ಪನದು ಜೋಡುನಳಿಗೆಯ ಬಂದೂಕು. ಹೊಲಕ್ಕೆ ಬರುವ ಕಾಡುಹಂದಿಗಳ ಸಲುವಾಗಿ ಇಟ್ಟುಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ಪರವಾನಗಿ ಅಣ್ಣನ ಹೆಸರಿಗೆ ಆಗಿತ್ತು. ಗುಂಡು ಹಾರಿಸಲು ಎಳೆಯುವ ಆ ಕೊಕ್ಕೆಗೆ ನಮ್ಮಲ್ಲಿ ಕುದುರೆ ಅನ್ನುತ್ತಾರೆ. ಎರಡು ಕುದುರೆಗಳಲ್ಲಿ ಒಂದು ಸಡಿಲಾಗಿತ್ತು, ಅಷ್ಟೇ. “ಹೂಂ, ಮಾಡಸು” ಅಂದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

“ಅಣ್ಣಾ, ತಡಿ! ಹಳೇದಕ್ಕ ರೊಕ್ಕ ಸುರಿಯೋದು ಅವೈಜ್ಞಾನಿಕ. ಈಗ ಸೆಮಿ ಆಟೋಮ್ಯಾಟಿಕ್ ಬಂದಾವು. ಒಂದ್ಸಲ ಐದು ತೋಟಾ ತುಂಬಿದ್ರ ಮುಗೀತು, ಕುದರಿ ಎಳ್ಕೊಂತ ಹೋಗೂದು, ತಾನಽ ಲೋಡ್ ಆಗ್ಕೊಂತ ಹೊಕ್ಕೈತಿ. ಅಗ್ಗದ್ದು ಛಲೋನೋ, ಹೆಸರಾದ ಕಂಪನಿದು ಛಲೋನೋ, ನಾ ಹೋಲಿಸಿ ಹೇಳ್ತೀನಿ.”

“ನಮಗ ಐದು ಯಾಕ ಬೇಕೋ?” ಅಂದ ಅಣ್ಣ.

“ಅದನ್ನ ನನಗ ಬಿಡು” ಅಂದೆ. ಬಿಟ್ಟ.

ಎರಡು ತಿಂಗಳು ನಾನು ಬೇರೆ ಏನನ್ನೂ ಓದಲಿಲ್ಲ. ಮೊಬೈಲಿನಲ್ಲಿ ಪರದೇಶದ ಬೇಟೆಗಾರರ ವಿಡಿಯೋ ನೋಡಿದೆ. ಅವರು ಹಿಮದಲ್ಲಿ ಮೊಳಕಾಲುದ್ದ ನಿಂತು ಬಾತುಕೋಳಿಗೆ ಗುರಿಯಿಡುತ್ತಿದ್ದರು. ಹೆಬ್ಬಳ್ಳಿಯಲ್ಲಿ ಹಿಮವೂ ಇಲ್ಲ, ಬಾತುಕೋಳಿಯೂ ಇಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ವಹಿಯಲ್ಲಿ ಹದಿನಾಲ್ಕು ಕಾಲಮ್ಮು ಹಾಕಿದೆ. ತೂಕ, ನಳಿಗೆಯ ಉದ್ದ, ಸ್ಪ್ರಿಂಗು, ಹಿಂದಿನ ಕಟ್ಟಿಗೆ, ಹೆಗಲಿಗೆ ಬೀಳುವ ಏಟು. ಹೆಸರಾದ ಕಂಪನಿಗಳವು ಬೆಣ್ಣೆಯ ಹಾಗೆ ನಡೆಯುತ್ತವಂತೆ, ಬೆಲೆ ಮಾತ್ರ ನಾಲ್ಕು ಪಟ್ಟು. ಅಗ್ಗದವೂ ಅದೇ ಕೆಲಸ ಮಾಡುತ್ತವಂತೆ, ಆದರೆ ಚೊಕ್ಕವಾಗಿ ಇಟ್ಟುಕೊಳ್ಳಬೇಕಂತೆ. ಚೊಕ್ಕವಾಗಿ ಇಡುವುದಂತೂ ನಮ್ಮ ಮನೆತನದ ಗುಣವೇ ಎಂದು ಷರಾ ಬರೆದೆ.

ಶಾರದಾ ಚಹಾ ಇಟ್ಟು ವಹಿಯ ಮೇಲೆ ಕಣ್ಣಾಡಿಸಿದಳು.

“ಏನ್ರೀ, ಐದು ಗುಂಡು ಹಾರೂತನಕ ಹಂದಿ ಅಲ್ಲೇ ನಿಂತಿರ್ತಾವೇನ್ರೀ?”

ಅರ್ಥಶಾಸ್ತ್ರ ಓದದವರ ಮೇಲೆ ನನಗೆ ಮೊದಲಿನಿಂದಲೂ ಕರುಣೆ. ಕರುಣೆಯಿಂದಲೇ ನಕ್ಕೆ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಬಂದೂಕಿನ ಅಂಗಡಿಗೆ ನಾಲ್ಕು ಸಲ ಹೋದೆ. ಅಂಗಡಿಯವನು ಮೊದಲ ದಿನ ಚಹಾ ತರಿಸಿದ, ಎರಡನೆಯ ದಿನ ನೀರು ಕೊಟ್ಟ, ಮೂರನೆಯ ದಿನ ಕುರ್ಚಿ ಒಳಗೆ ಎಳೆದುಕೊಂಡ. ನಾಲ್ಕನೆಯ ದಿನ ಕೈ ಮುಗಿದು ಹೇಳಿದ:

“ಸರ, ತುಟ್ಟಿದಕ್ಕೂ ಇದಕ್ಕೂ ಫರಕ್ ಐತ್ರಿ, ಇಲ್ಲನ್ನಂಗಿಲ್ಲ. ಆದ್ರ ಮೊದ್ಲ ನಿಮಗ ಬೇಕಾಗಿದ್ದೇನು, ಅದನ್ನ ಹೇಳ್ರಿ.”

“ಅದನ್ನೇ ಕಂಡುಕೊಳ್ಳಾಕತ್ತೀನಿ” ಅಂದೆ ಗಂಭೀರವಾಗಿ.

ಕೊನೆಗೆ ಅಗ್ಗದ್ದೇ ಗೆದ್ದಿತು. ಎರಡಕ್ಕೂ ಇರುವ ವ್ಯತ್ಯಾಸ ಮೇಲೆ ಕೆತ್ತಿದ ಹೆಸರು ಮಾತ್ರ ಎಂದು ನಿರ್ಣಯ ಬರೆದು, ಕೆಳಗೆ ಎರಡು ಗೆರೆ ಎಳೆದೆ. ಹಳೆಯ ಬಂದೂಕನ್ನು ಅಂಗಡಿಗೆ ಕೊಟ್ಟು ಹೊಸದನ್ನು ತೆಗೆದುಕೊಳ್ಳುವುದೆಂದು ನಾನೇ ತೀರ್ಮಾನಿಸಿದೆ.

ಅಣ್ಣ ಹಳೆಯದನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಿದ್ದ. ಮೇಜಿನ ಮೇಲೆ ಇಟ್ಟವನು ಧೋತರದ ಚುಂಗಿನಿಂದ ಅದರ ಕಟ್ಟಿಗೆಯನ್ನು ಒಂದು ಸಲ ಒರೆಸಿದ.

“ಅಪ್ಪಂದಿತ್ತಲೋ ತಮ್ಮಾ.”

“ಅಣ್ಣಾ, ಹಿಂದಿನದಕ್ಕ ಜೋತು ಬಿದ್ದು ಇವತ್ತಿನ ನಿರ್ಧಾರ ಮಾಡಬಾರದು. ಇದನ್ನ ನಾ ಹುಡುಗರಿಗೆ ಪ್ರತಿ ವರ್ಷ ಕಲಸ್ತೀನಿ.”

ಅಣ್ಣ ನನ್ನ ಮುಖ ನೋಡಿದ. “ನೀ ಹೇಳ್ದಿ ಅಂದ್ರ ಮುಗೀತು ಬಿಡು” ಅಂದ. ಆಗ ನನಗೆ ಎಂಥ ಹೆಮ್ಮೆ!

ಹೊಸದನ್ನು ಪಡೆಯಲು ಸರ್ಕಾರದ ಅನುಮತಿ ಬೇಕಲ್ಲ. ಅರ್ಜಿಯನ್ನು ಅಣ್ಣನ ಪರವಾಗಿ ನಾನೇ ಬರೆದೆ. ಕಲಿತವನು ಬರೆದ ಅರ್ಜಿ ಬೇರೆಯೇ ಇರಬೇಕು. ‘ಬಂದೂಕು’ ಎಂಬ ಪದ ಒರಟಾಗಿ ಕಂಡಿತು. ಅದನ್ನು ಕೈಬಿಟ್ಟು, “ನಮ್ಮ ಹೊಲದ ಬೆಳೆಯ ರಕ್ಷಣಾರ್ಥ ಅರೆ-ಸ್ವಯಂಚಾಲಿತ 12 ಬೋರ್ ಪಡೆಯಲು ಅನುಮತಿ ನೀಡಬೇಕಾಗಿ ಸವಿನಯ ಪ್ರಾರ್ಥನೆ” ಎಂದು ಬರೆದೆ. ಬಂದೂಕಿನ ಲೋಕದಲ್ಲಿ ಹನ್ನೆರಡು ಬೋರ್ ಅಂದರೆ ನಳಿಗೆಯ ಅಳತೆ. ಹೆಬ್ಬಳ್ಳಿ ಸೀಮೆಯಲ್ಲಿ ಬೋರ್ ಅಂದರೆ ಏನು ಎಂಬುದನ್ನು, ಅಲ್ಲಿಯೇ ಹುಟ್ಟಿದ ನಾನು ಮರೆತಿದ್ದೆ.

ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ, ಅಲ್ಲಿಂದ ಮತ್ತೆಲ್ಲಿಗೋ ಹೋಗಿ, ಮೂರು ತಿಂಗಳ ನಂತರ ಉತ್ತರ ಹೊತ್ತುಕೊಂಡು ಬಂತು. “ಒಂದೇ ಸರ್ವೆ ನಂಬರಿನಲ್ಲಿ ಹನ್ನೆರಡು ಬೋರ್ ಕೊರೆಸಲು ಅವಕಾಶವಿರುವುದಿಲ್ಲ. ಸ್ವಯಂಚಾಲಿತ ಸ್ಟಾರ್ಟರ್ ಕುರಿತು ವಿದ್ಯುತ್ ಕಚೇರಿಯನ್ನು ಸಂಪರ್ಕಿಸುವುದು.”

ಅಣ್ಣ ಫೋನಿನಲ್ಲಿ ಕೇಳಿದ: “ತಮ್ಮಾ, ನಾವು ಬೋರ್ ಹೊಡಸ್ತೀವೇನು? ಊರಾಗ ಎಲ್ಲಾರೂ ಕೇಳಾಕತ್ತಾರ. ಹನ್ನೆರಡಂತ?”

ತಪ್ಪು ಅವರದೇ ಎಂದು ಅಣ್ಣನಿಗೆ ಹೇಳಿದೆ. ತಪ್ಪು ಯಾರದು ಎಂದು ನಿಮಗೆ ಗೊತ್ತಿದೆ. ಹೊಸ ಅರ್ಜಿ ಬರೆದೆ, ಈ ಸಲ ‘ಬಂದೂಕು’ ಎಂಬ ಪದವನ್ನು ಏಳು ಸಲ ಹಾಕಿದೆ. ಅದಕ್ಕೆ ಮತ್ತೆ ನಾಲ್ಕು ತಿಂಗಳು. ಅಷ್ಟರಲ್ಲಿ ಮುಂಗಾರು ಬಂತು. ಹಳೆಯ ಬಂದೂಕು ಅಂಗಡಿಯಲ್ಲಿ, ಹೊಸ ಬಂದೂಕು ಅರ್ಜಿಯಲ್ಲಿ. ಅಣ್ಣ ಬಿತ್ತಿದ ಶೇಂಗಾವನ್ನು ಹಂದಿಗಳು ಕೆದರಿ ತಿಂದವು. ಅರವತ್ತು ದಾಟಿದ ಮನುಷ್ಯ ಎಣ್ಣೆಯ ಡಬ್ಬಿ ಬಡಿಯುತ್ತ ಹೊಲದ ಬದುವಿನ ಮೇಲೆ ಓಡಾಡಿದ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂತೂ ಮಹಾನವಮಿಯ ಹೊತ್ತಿಗೆ ಬಂದೂಕು ಕೈಗೆ ಬಂತು. ನಮ್ಮಲ್ಲಿ ಆ ದಿನ ಖಂಡೇಪೂಜೆ. ಟ್ರ್ಯಾಕ್ಟರು, ಕೂರಿಗೆ, ಕುಡುಗೋಲು, ಕೊಡಲಿ ಎಲ್ಲವನ್ನೂ ತೊಳೆದು, ಪಡಸಾಲೆಯಲ್ಲಿ ಹಿಡಿಸುವುದನ್ನೆಲ್ಲ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಅಪ್ಪನ ಕಾಲದಲ್ಲಿ ಬಂದೂಕಿಗೆ ಒಂದು ಬೆರಳು ವಿಭೂತಿ, ಒಂದು ಹೂವು, ಮುಗಿಯಿತು. ಆದರೆ ಇದು ಒಂಬತ್ತು ತಿಂಗಳ ಸಂಶೋಧನೆಯ ಫಲ! ಮನೆ ತುಂಬ ಬೀಗರು, ನೆಂಟರು. ನಾನು ಮುಂದೆ ಬಂದೆ.

“ಬರೇ ಮ್ಯಾಲಿಂದಕ್ಕ ಪೂಜಿ ಮಾಡಿದ್ರ ಏನ್ ಬಂತು? ಎಲ್ಲಾ ವಿದ್ಯಾ ಇರೂದು ಒಳಗ!”

ಪಕ್ಕದ ಹಿಡಿಕೆ ಎಳೆದು ಬಂದೂಕಿನ ಒಡಲು ತೆರೆದಿಟ್ಟೆ. ಒಳಗಿನ ಉಕ್ಕು ಫಳಫಳ ಹೊಳೆಯಿತು. ಎಲ್ಲರೂ ಬಗ್ಗಿ ನೋಡಿದರು. ಆ ತೆರೆದ ಬಾಯಿಗೆ ನಾನು ವಿಭೂತಿ ಹಚ್ಚಿದೆ, ಕುಂಕುಮ ಏರಿಸಿದೆ, ಎರಡು ಹಿಡಿ ಅಕ್ಷತೆ ಹಾಕಿದೆ, ಚೆಂಡುಹೂವಿನ ಎಸಳು ಉದುರಿಸಿದೆ. ಕಾಯಿ ಒಡೆದು ಅದರ ನೀರನ್ನು ಮೂರು ಸಲ ಸಿಂಪಡಿಸಿದೆ. ಮೂರನೆಯ ಸಲ ಕೈ ಸ್ವಲ್ಪ ಧಾರಾಳವಾಯಿತು.

“ಮಾಮಾ, ಅದು ಒದ್ದಿ ಆತಲ್ರೀ” ಎಂದು ಯಾರೋ ಅಂದರು.

“ಇದು ಈಗಿನ ಉಕ್ಕು, ಏನೂ ಆಗಂಗಿಲ್ಲ!” ಎಂದು ಗುಂಡಿ ಒತ್ತಿದೆ. ಖಟಾರ್! ಬಾಯಿ ತಾನೇ ಮುಚ್ಚಿಕೊಂಡಿತು. ಪಡಸಾಲೆಯಲ್ಲಿ “ಅಬ್ಬಬ್ಬಾ” ಎದ್ದಿತು. ಅಣ್ಣನೂ ಮೊದಲ ಸಲ ಹಲ್ಲು ಕಾಣಿಸುವ ಹಾಗೆ ನಕ್ಕ. ಅಂದು ಎಡೆಯ ಹೋಳಿಗೆ ನನಗೆ ಎಂದಿಗಿಂತ ಎರಡು ಹೆಚ್ಚು ಬಿತ್ತು.

ಬನ್ನಿ ಹಬ್ಬದ ಮರುದಿನ, ಇನ್ನೇನು ಮೂಡಣ ಕೆಂಪಾಗುವ ಹೊತ್ತು, ಅಣ್ಣ ನನ್ನ ಕಾಲು ಅಲುಗಿಸಿದ.

“ತಮ್ಮಾ, ಏಳು. ಗೋವಿನಜೋಳದಾಗ ಸಪ್ಪಳ ಆಗಾಕತ್ತೈತಿ.”

ಎದ್ದೆ, ಹೊರಟೆ. ಅಣ್ಣನ ಕೈಯಲ್ಲಿ ಬಂದೂಕು, ನನ್ನ ಕೈಯಲ್ಲಿ ಬಹಿರ್ದೆಸೆಗೆಂದು ಒಯ್ದ ಹಿತ್ತಾಳೆಯ ತಂಬಿಗೆ. ಹೊಲದ ಬದುವಿಗೆ ಬಂದು ನಿಂತರೆ ತೆನೆ ತುಂಬಿದ ಗೋವಿನಜೋಳ ಅಲ್ಲಲ್ಲಿ ತಾನೇ ತಾನಾಗಿ ಮಲಗುತ್ತಿತ್ತು. ಒಂದು, ಎರಡು, ನಾಲ್ಕು... ಎಣಿಸುವುದನ್ನು ನಿಲ್ಲಿಸಿದೆ. ಅಣ್ಣ ನಳಿಗೆಯನ್ನು ಮುಗಿಲಿಗೆ ಎತ್ತಿ ಕುದುರೆ ಎಳೆದ.

ಟಕ್.

ಹಂದಿಯೊಂದು ತೆನೆ ಜಗಿಯುವುದನ್ನು ನಿಲ್ಲಿಸಿ ನಮ್ಮನ್ನು ನೋಡಿತು. ನೋಡಿ, ಮತ್ತೆ ಜಗಿಯತೊಡಗಿತು.

“ಹಿಡಿಕಿ ಎಳಿ ಅಣ್ಣಾ! ಹಿಡಿಕಿ!”

ಎಳೆದ. ಅದು ಅರ್ಧಕ್ಕೆ ಬಂದು ನಿಂತಿತು. ಹಿಂದಕ್ಕೂ ಹೋಗಲೊಲ್ಲದು, ಮುಂದಕ್ಕೂ ಬರಲೊಲ್ಲದು. ನಾನು ಧೃತಿಗೆಡಲಿಲ್ಲ. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಹೇಳುವ ವಿಡಿಯೋ ನನ್ನ ಮೊಬೈಲಿನಲ್ಲಿತ್ತು. ತೆರೆದೆ. ಮೊದಲು ಜಾಹೀರಾತು ಬಂತು! ಮೊಣಕಾಲು ನೋವಿನ ಎಣ್ಣೆಯದು. ಆ ಜಾಹೀರಾತಿನ ಸಂಗೀತ ಕೇಳಿ ದೊಡ್ಡ ಹಂದಿಯೊಂದು ನಮ್ಮ ಕಡೆ ನಾಲ್ಕು ಹೆಜ್ಜೆ ಬಂತು.

ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಐವತ್ತಾರು ವರ್ಷದ, ಎರಡು ಪದವಿಗಳ ಈ ಮನುಷ್ಯ ತಂಬಿಗೆ ಎಸೆದು, ಅಣ್ಣನನ್ನು ಅಲ್ಲಿಯೇ ಬಿಟ್ಟು, ಬದುವಿನ ಜಾಲಿಗಿಡ ಏರಿದ. ಜಾಲಿಗೆ ಮುಳ್ಳಿರುತ್ತದೆ ಎಂಬುದು ಅರ್ಧ ಏರಿದ ಮೇಲೆ ನೆನಪಾಯಿತು.

ಅಣ್ಣ ಓಡಲಿಲ್ಲ. ಬಂದೂಕನ್ನು ಮೆಲ್ಲಗೆ ಬದುವಿನ ಮೇಲೆ ಇಟ್ಟ. ನಾನು ಎಸೆದ ತಂಬಿಗೆಯನ್ನು ಎತ್ತಿಕೊಂಡು, ಒಂದು ಕಲ್ಲಿನಿಂದ ಅದನ್ನು ಬಡಿಯುತ್ತ, “ಹೋಯ್! ಹೋಯ್!” ಎನ್ನುತ್ತ ನೇರವಾಗಿ ಹಂದಿಗಳ ಕಡೆಗೇ ನಡೆದ. ಅವು ಓಡಿದವು. ಅಗ್ಗದ ಬಂದೂಕು, ತುಟ್ಟಿ ಬಂದೂಕು ಎರಡನ್ನೂ ತಂಬಿಗೆ ಸೋಲಿಸಿತು! ಆದರೆ ಅಷ್ಟರಲ್ಲಿ ಹೊಲದ ಅರ್ಧ ನೆಲಕ್ಕೆ ಮಲಗಿತ್ತು.

ಅಣ್ಣ ಬಂದು ಗಿಡದ ಕೆಳಗೆ ನಿಂತ. “ಇಳಿ” ಅಂದ. ಅಷ್ಟೇ. ನನ್ನ ಅಂಗಿಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತ. ನನಗೆ ಅಳು ಬಂತು. ಮುಳ್ಳಿನ ನೋವಿಗೆ ಎಂದು ತೋರಿಸಿಕೊಂಡೆ.

ಅದೇ ದಿನ ಮಧ್ಯಾಹ್ನ ಇಬ್ಬರೂ ಹಳೇ ಹುಬ್ಬಳ್ಳಿಗೆ ಹೋದೆವು. ಇಮಾಮಸಾಬ್ರು ಬಂದೂಕು ರಿಪೇರಿಯ ಹಳೆಯ ಮಿಸ್ತ್ರಿ, ಒಂದೇ ಬಾಗಿಲಿನ ಅಂಗಡಿ. ಕನ್ನಡಕ ಏರಿಸಿ, ಸ್ಕ್ರೂ ಬಿಚ್ಚಿ, ಬಂದೂಕನ್ನು ಒಂದು ತಾಟಿನ ಮೇಲೆ ಬೋರಲು ಹಾಕಿ ತಟ್ಟಿದರು. ಅಕ್ಷತೆ ಉದುರಿತು. ಕುಂಕುಮ ಉದುರಿತು. ಕಾಯಿನೀರಿಗೆ ಅಂಟಿಕೊಂಡ ವಿಭೂತಿ ಗಾರೆಯ ಹಾಗೆ ಚಕ್ಕೆಯಾಗಿ ಬಿತ್ತು. ಕೊನೆಗೆ ಚಿಮಟದಿಂದ ಒಂದು ಚೆಂಡುಹೂವಿನ ಎಸಳನ್ನು ಎಳೆದು ಬೆಳಕಿಗೆ ಹಿಡಿದರು.

“ಸರ, ಇದು ಬಂದೂಕೇನ್ರಿ, ದೇವರ ಜಗಲೇನ್ರಿ?”

“ಅಗ್ಗದ್ದು ತಂದಿದ್ದಕ್ಕ ಹಿಂಗಾತಲ್ರಿ ಸಾಬ್ರ? ಹೆಸರಾದ ಕಂಪನಿದು ತಂದಿದ್ರ...” ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

“ಅದರಾಗ ಎರಡು ಹಿಡಿ ಅಕ್ಕಿ ಹಾಕಿದ್ರ ಅದೂ ನಿಲ್ತಿತ್ರಿ. ಮಾಲಿಂದು ತಪ್ಪಿಲ್ರಿ ಸರ. ಈ ರೊಕ್ಕಕ್ಕ ಇದು ಛಲೋ ಮಾಲ್ ಐತಿ.”

ಬಂದೂಕಿಗೂ ನಿರ್ದೋಷಿ ಎಂಬ ತೀರ್ಪು ಸಿಕ್ಕಿತು. ಆರೋಪಿ ಒಬ್ಬನೇ ಉಳಿದ. ಸಾಬ್ರು ಎಣ್ಣೆ ಹಾಕುತ್ತ ಅಣ್ಣನನ್ನು ಕೇಳಿದರು:

“ಈರಣ್ಣಾರ, ಅಪ್ಪಾರ ಜೋಡನಳಿಗಿ ಯಾಕ ಕೊಟ್ರಿ? ಅವರು ಎಷ್ಟೋ ವರ್ಷ ಇಟ್ಕೊಂಡಿದ್ರು, ಒಂದ್ ಹಂದಿ ಹೊಡದವರಲ್ಲ. ಮ್ಯಾಲ ಒಂದ್ಸಲ ಹಾರಸ್ತಿದ್ರು, ವಾರಗಟ್ಲೆ ಹಂದಿ ಆ ಕಡೆ ಹಾಯ್ತಿರಲಿಲ್ಲ.”

“ನಾನೂ ಹಂಗಽ ಮಾಡ್ತಿದ್ದೆನಲ್ರಿ. ನಮಗ ಬೇಕಾಗಿದ್ದು ಒಂದ್ ಸಪ್ಪಳ” ಅಂದ ಅಣ್ಣ.

ನಾನು ಅಣ್ಣನ ಕಡೆ ತಿರುಗಿದೆ. “ಮತ್ತ ಇದನ್ನ ನನಗ ಮೊದ್ಲಽ ಯಾಕ ಹೇಳಲಿಲ್ಲ?”

“ಐದು ಯಾಕ ಬೇಕೋ ಅಂತ ಕೇಳಿದ್ದೆ. ನೀ ಹೋಲಸಾಕತ್ತಿದ್ದಿ.”

ಹದಿನಾಲ್ಕು ಕಾಲಮ್ಮಿನ ವಹಿಯಲ್ಲಿ ‘ಸಪ್ಪಳ’ ಎಂಬ ಕಾಲಮ್ಮು ಇರಲಿಲ್ಲ. ಕುದುರೆ ಬಿಗಿ ಮಾಡಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಸಾಬ್ರನ್ನು ಕೇಳಬಾರದಿತ್ತು, ಕೇಳಿದೆ. “ನೀವು ಚಾ ಕುಡಿಯೋದ್ರಾಗ ಆಗ್ತಿತ್ರಿ” ಅಂದರು.

ಅಲ್ಲಿಂದ ದುರ್ಗದಬೈಲಿಗೆ ಓಡಿದೆ. ಹಳೆಯದನ್ನು ಎಷ್ಟಾದರೂ ಕೊಟ್ಟು ಮರಳಿ ತರುವುದೆಂದು. ಅಂಗಡಿಯವನು ನನ್ನನ್ನು ಕಂಡು ಮೊದಲು ಕುರ್ಚಿ ಒಳಗೆಳೆದುಕೊಂಡ, ನಂತರ ಉತ್ತರ ಹೇಳಿದ. “ಅದು ನೀವು ಕೊಟ್ಟ ವಾರಽ ಹೋತ್ರಿ ಸರ. ಒಬ್ರು ಬಂದ್ರು, ನೋಡಿದ್ರು, ಬೇಕಾದ ಕಾಗದಾ ಎಲ್ಲಾ ತಯಾರ ಇಟ್ಕೊಂಡಿದ್ರು, ತಗೊಂಡ್ರು.” ಯಾವುದರ ಜೊತೆಗೂ ಹೋಲಿಸಲಿಲ್ಲವಂತೆ. ರಸ್ತೆಯಲ್ಲಿ ಕಾಯುತ್ತಿದ್ದ ಅಣ್ಣನಿಗೆ ಸುದ್ದಿ ಹೇಳಿದೆ. ಅವನು ಟಾವೆಲ್ಲಿನಿಂದ ಮುಖ ಒರೆಸಿಕೊಂಡು, “ಹೋಗ್ಲಿ ಬಿಡು, ಬಸ್ ಬರೂ ಹೊತ್ತಾತು” ಅಂದ. ಹೆಬ್ಬಳ್ಳಿಯ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತದ್ದನ್ನು ನೋಡಿ ನಾನು ಧಾರವಾಡದ ಬಸ್ಸು ಹತ್ತಿದೆ.

ಅಲ್ಲಿಂದಾಚೆಗೆ ಅವನ ಫೋನು ಬರಲಿಲ್ಲ ಎಂದರೆ ಸುಳ್ಳಾದೀತು. ಬರುತ್ತದೆ. ಆರಾಮ ಇದ್ದೀಯಾ ಎನ್ನುತ್ತಾನೆ, ಶೇಂಗಾ ಕಳಿಸಿದ್ದೇನೆ ಎನ್ನುತ್ತಾನೆ. ಕೇಳುವುದು ಮಾತ್ರ ಇಲ್ಲ. ಮನೆಗೆ ಹೊಸ ಫ್ರಿಜ್ಜು ಬಂದದ್ದು ನನಗೆ ಅದರ ತಣ್ಣೀರು ಕುಡಿದಾಗ ಗೊತ್ತಾಯಿತು.

ಮೊನ್ನೆ ಊರಿಗೆ ಹೋದಾಗ ಪಡಸಾಲೆಯಲ್ಲಿ ಸೀರೆಗಳನ್ನು ಹರವಿದ್ದರು. ಅಣ್ಣನ ಮಗಳಿಗೆ ವರ ಗೊತ್ತಾಗಿತ್ತು! ನಮ್ಮಲ್ಲಿ ಹುಡುಗನ ಮನೆ ನೋಡಲು ಹೋಗುವಾಗ ಹುಡುಗಿಯ ಕಾಕಾನನ್ನು, ಅಂದರೆ ಚಿಕ್ಕಪ್ಪನನ್ನು, ಬಿಟ್ಟು ಹೋಗುವುದಿಲ್ಲ. ಅಪ್ಪನಾದವನು ಸಂಕೋಚದಿಂದ ಕೇಳಲಾರದ್ದನ್ನು ಕೇಳುವುದಕ್ಕೇ ಕಾಕಾ ಇರುವುದು.

“ಅಣ್ಣಾ, ನನ್ನ ಬಿಟ್ಟಽ ಹೋಗಿದ್ರಿ?”

ಅಣ್ಣ ಸೀರೆಯ ಮಡಿಕೆ ಸರಿ ಮಾಡಿದ. “ಎರಡು ಸಂಬಂಧ ಬಂದಿದ್ವು ತಮ್ಮಾ. ಒಂದು ದೊಡ್ಡ ಮನಿತನ, ಒಂದು ಸಾದಾ. ನೀ ಬಂದ್ರ...” ಇನ್ನೊಂದು ಸೀರೆ ಎತ್ತಿ ಮಡಚುತ್ತ, “ಶಾರದಾನ್ನ ಕರಕೊಂಡು ಹೋಗಿದ್ವಿ. ಹೇಳಲಿಲ್ಲೇನು?” ಅಂದ.

ಹೇಳಿರಲಿಲ್ಲ. ಗೆಳತಿಯ ಮನೆಯ ಸೀಮಂತ ಎಂದು ಹೇಳಿ ಹೋಗಿದ್ದಳು.

ಮನೆಗೆ ಬಂದು ಅವಳ ಎದುರಿಗೆ ಕೂತೆ. ಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಹುಡುಗ ಹೆಂಗಿದ್ದ?”

“ಛಲೋ ಇದ್ದಾನ್ರಿ. ಸಾದಾ ಮನಿತನ. ನೋಡಿದ್ವಿ, ಒಪ್ಪಿದ್ವಿ.”

“ಇನ್ನೊಂದು ಸಂಬಂಧ?”

“ಮನಸಿಗೆ ಬಂದ ಮ್ಯಾಲ ಇನ್ನೊಂದನ್ನ ಯಾಕ್ ನೋಡ್ಬೇಕ್ರೀ?”

ಇದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವಿದೆ. ಬಾಯಿ ಮುಚ್ಚಿಕೊಂಡು ಏಳಬೇಕಿತ್ತು. ಏಳಲಿಲ್ಲ.

“ನಾ ಯಾಕ ಬಂದಿಲ್ಲಂತ ಅವರು ಕೇಳಲಿಲ್ಲೇನು?”

“ಕೇಳಿದ್ರು. ಹುಡುಗಿ ಕಾಕಾ ಎಲ್ಲಿ ಅಂದ್ರು. ಭಾವಾರು ಹೇಳಿದ್ರು, ಅವಂಗ ಇವತ್ತ ಕಾಲೇಜ್ ಐತ್ರಿ, ಬಿಟ್ಟು ಬರಾಕ ಆಗಂಗಿಲ್ಲ ಅಂತ.”

ಅಂದು ರವಿವಾರ! ನಾನು ದಿನವಿಡೀ ಮನೆಯಲ್ಲೇ ಕೂತು, ಎರಡು ಬಗೆಯ ಸೊಳ್ಳೆಬತ್ತಿಗಳನ್ನು ಒಟ್ಟಿಗೇ ಹಚ್ಚಿ, ಯಾವುದು ಮೊದಲು ಆರುತ್ತದೆ ಎಂದು ಕಾಯುತ್ತಿದ್ದೆ.